ಗಣಕದೊಳಗಿನ ಪಾರುಪತ್ಯಗಾರ

ಪಹಣಿಯ ಒಂದು ನಕಲಿಗಾಗಿ ಅರಕಲಗೂಡು ಸೀಮೆಯ ರೈತನು ಹಿಂದೆ ಗ್ರಾಮಲೆಕ್ಕಿಗರ ಮನೆಯ ಜಗಲಿಯನ್ನು ಎಷ್ಟು ಸಲ ಸವೆಸಬೇಕಾಗುತ್ತಿತ್ತೆಂಬುದನ್ನು ಅನುಭವಿಸಿದವರೇ ಬಲ್ಲರು. 2001ರ ಸುಮಾರಿಗೆ 'ಭೂಮಿ' ಯೋಜನೆಯು ರಾಜ್ಯದ ಒಂದೊಂದು ತಾಲ್ಲೂಕು ಕಚೇರಿಗೂ ಬಂದಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಎದ್ದು ಗಣಕಯಂತ್ರವನ್ನು ಹೊಕ್ಕವು. 15 ರೂಪಾಯಿ ಕೊಟ್ಟು ಕಿಟಕಿಯ ಮುಂದೆ ನಿಂತರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಒಳಗಿನ ನೌಕರರು ಏನನ್ನು ನೋಡುತ್ತಿದ್ದಾರೆಂಬುದು ಹೊರಗೆ ನಿಂತವನಿಗೂ ಕಾಣುವಂತೆ ಇನ್ನೊಂದು ಪರದೆಯನ್ನು ಅವನ ಕಡೆಗೆ ತಿರುಗಿಸಿ ಇಡಲಾಯಿತು.

ಆ ಪರದೆಯ ಮುಂದೆ ನಿಂತ ರೈತನಿಗೆ ಬೇಕಾದ ಉತ್ತರಗಳು ಎರಡೇ. ಇವತ್ತೇ ಸಿಕ್ಕುತ್ತದೆಯೆ? ಹೆಸರು ಸರಿಯಾಗಿ ಬಂದಿದೆಯೆ? ಯಂತ್ರದೊಳಗೆ ಯಾವ ವ್ಯವಸ್ಥೆ ಕುಳಿತಿದೆಯೆಂದು ಅವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಅವನ ಎರಡು ಪ್ರಶ್ನೆಗಳಿಗೂ ಉತ್ತರ ಬಹುಮಟ್ಟಿಗೆ ಆ ವ್ಯವಸ್ಥೆಯಿಂದಲೇ ಬರಬೇಕು. ಮೊದಲನೆಯದು ನೆಚ್ಚಿಕೆಯ ಪ್ರಶ್ನೆ. ಎರಡನೆಯದು, ಕನ್ನಡದ ಮಟ್ಟಿಗೆ, ಸೌಲಭ್ಯದ ಪ್ರಶ್ನೆ.

2025ರ ಅಕ್ಟೋಬರ್ 14ರಂದು ಇದೇ ಎರಡು ಪ್ರಶ್ನೆಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಂಗಡಿಗಳಿಗೂ ಮನೆಗಳಿಗೂ ಹೊಸದಾಗಿ ಎದುರಾದವು. ಅಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10ಕ್ಕೆ ಒದಗಿಸುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ನಿಲ್ಲಿಸಿತು. ಯಂತ್ರವೇನೂ ಮರುದಿನ ಸತ್ತುಹೋಗಲಿಲ್ಲ, ಎಂದಿನಂತೆಯೇ ಓಡಿತು. ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಮಾತ್ರ ಇಲ್ಲವಾದರು. ನೋಂದಾಯಿಸಿಕೊಂಡ ಮನೆಯ ಗಣಕಗಳಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಒಂದು ವರ್ಷದ ವಾಯಿದೆಯನ್ನು ಸಂಸ್ಥೆಯು ಕೊಟ್ಟಿತು. ಮುಂದಿನದಾದ ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಯಂತ್ರದಲ್ಲಿ ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡನ್ನೂ, ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಸಂಸ್ಕಾರಕವನ್ನೂ ಕೇಳುತ್ತದೆ. ಎಂಟನೆಯ ಪೀಳಿಗೆ ಹುಟ್ಟಿದ್ದು 2017ರಲ್ಲಿ. ಅದಕ್ಕೆ ಮೊದಲು ಕೊಂಡ ಗಣಕವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊಸ ಮನೆಗೆ ಅದಕ್ಕೆ ಪ್ರವೇಶವಿಲ್ಲ. ಮಗನ ಓದಿಗೆಂದು ಸಾಲ ಮಾಡಿ ಕೊಂಡ ಯಂತ್ರವನ್ನು ಮೂಲೆಗೆ ತಳ್ಳಬೇಕೆ, ಹಾಗೆಯೇ ನಡೆಸಬೇಕೆ, ಇಲ್ಲವೆ ಅದರೊಳಗಿನ ವ್ಯವಸ್ಥೆಯನ್ನೇ ಬದಲಿಸಬೇಕೆ?

ವ್ಯವಸ್ಥೆಯೆಂದರೆ ಏನೆಂಬುದನ್ನು ದೇವಸ್ಥಾನವೊಂದನ್ನು ನೆನೆದುಕೊಂಡರೆ ಸುಲಭವಾಗಿ ತಿಳಿಯಬಹುದು. ಭಕ್ತರ ಕಣ್ಣಿಗೆ ಬೀಳುವವರು ಅರ್ಚಕರು, ಪರಿಚಾರಕರು, ವಾದ್ಯದವರು, ಅಡಿಗೆಯವರು. ಆದರೆ ಉಗ್ರಾಣದ ಬೀಗದಕೈ ಯಾರ ಕೈಯಲ್ಲಿರಬೇಕು, ಗರ್ಭಗುಡಿಯ ಬಾಗಿಲನ್ನು ಯಾರಿಗೆ ತೆರೆಯಬೇಕು, ಇಬ್ಬರು ಒಂದೇ ಹೊತ್ತಿಗೆ ಒಂದೇ ಕೊಪ್ಪರಿಗೆಯನ್ನು ಬೇಡಿದರೆ ಮೊದಲು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವನು ಪಾರುಪತ್ಯಗಾರ. ಗಣಕದಲ್ಲಿ ಪತ್ರ ಬರೆಯುವ, ಲೆಕ್ಕ ಇಡುವ, ಚಿತ್ರ ತೋರಿಸುವ ತಂತ್ರಾಂಶಗಳು ಅರ್ಚಕ ಪರಿಚಾರಕರಿದ್ದಂತೆ. ಅವುಗಳಿಗೆಲ್ಲ ಜಾಗ, ವೇಳೆ, ಕೀಲಿಮಣೆ, ಮುದ್ರಣಯಂತ್ರಗಳನ್ನು ಹಂಚಿಕೊಟ್ಟು ಜಗಳವಾಗದಂತೆ ನೋಡಿಕೊಳ್ಳುವ ಪಾರುಪತ್ಯಗಾರನಿಗೇ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು.

ಇಂಥ ಪಾರುಪತ್ಯಗಾರರಲ್ಲಿ ಮೇಜಿನ ಗಣಕಗಳ ಮಟ್ಟಿಗೆ ಹೆಸರಾದವರು ಮೂವರು. ಮೈಕ್ರೋಸಾಫ್ಟ್‌ನ ವಿಂಡೋಸ್ ಎಲ್ಲರಿಗೂ ಪರಿಚಿತ. ಆಪಲ್ ಸಂಸ್ಥೆಯದು 1984ರ ಮ್ಯಾಕಿಂಟಾಷ್‌ನಿಂದ ಬಂದ ಮನೆತನ. ಯಂತ್ರವನ್ನೂ ವ್ಯವಸ್ಥೆಯನ್ನೂ ಒಂದೇ ಮನೆಯವರು ಮಾಡುವುದರಿಂದ ಹೊಂದಾಣಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ತಾಲ್ಲೂಕು ಊರಿನ ಅಂಗಡಿಗಳಲ್ಲಿ ಅದು ಅಪರೂಪದ ಅತಿಥಿಯಾದುದರಿಂದ ಅದರ ಮಾತು ಇಷ್ಟು ಸಾಕು. ಮೂರನೆಯದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ, ಲೋಕದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು. ಉಬುಂಟು, ಮಿಂಟ್ ಎಂಬ ಹೆಸರುಗಳಲ್ಲಿ ಅದು ಬಿಟ್ಟಿಯಾಗಿ ದೊರೆಯುತ್ತದೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯೇ 2007ರಲ್ಲಿ 'ಬಾಸ್' ಎಂಬ ಹೆಸರಿನಿಂದ ಅದರ ಒಂದು ರೂಪವನ್ನು ಹೊರತಂದಿತು.

ಉಪ್ಪಿನ ಜಾಡಿಯ ಸಮಸ್ಯೆ

ಇವುಗಳಲ್ಲಿ ಸುಲಭವಾದುದು ಯಾವುದೆಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ವಿಂಡೋಸ್ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ; ಆದರೆ ಅವರು ಸುಲಭವೆನ್ನುವುದರಲ್ಲಿ ಬಹುಪಾಲು ಬರಿಯ ಅಭ್ಯಾಸ. ಅಡಿಗೆಮನೆಯ ಉಪ್ಪಿನ ಜಾಡಿಯನ್ನು ಹೊಸದಾಗಿ ಬಂದ ಸೊಸೆ ಇನ್ನೊಂದು ಗೂಡಿಗೆ ಸರಿಸಿದಳೆನ್ನಿ. ಅದು ಒಲೆಗೆ ಇನ್ನೂ ಹತ್ತಿರದ ಗೂಡೇ ಆಗಿದ್ದರೂ ಅತ್ತೆಗೆ ಅಂದಿನ ಅಡಿಗೆ ಕಷ್ಟವೇ. ಇದೇ ಸಂಗತಿ 2012ರಲ್ಲಿ ಲೋಕವ್ಯಾಪಿಯಾಗಿ ನಡೆಯಿತು. 1995ರ ಆಗಸ್ಟ್ 24ರಂದು ಹುಟ್ಟಿದ ವಿಂಡೋಸ್ 95ರಿಂದ ಹಿಡಿದು ಪರದೆಯ ಎಡ ಮೂಲೆಯಲ್ಲಿ ಭದ್ರವಾಗಿ ಕುಳಿತಿದ್ದ 'ಸ್ಟಾರ್ಟ್' ಗುಂಡಿಯನ್ನು ವಿಂಡೋಸ್ 8ರಲ್ಲಿ ತೆಗೆದುಹಾಕಲಾಯಿತು. ಗಣಕದ ವ್ಯವಹಾರದಲ್ಲಿ ನುರಿತವರೂ ಯಂತ್ರವನ್ನು ಆರಿಸುವುದು ಹೇಗೆಂದು ತಡಕಾಡಿದರು. ಗದ್ದಲ ಹೆಚ್ಚಾಗಿ ಮರುವರ್ಷವೇ ಗುಂಡಿ ಮರಳಿ ಬಂದಿತು. ವಿಂಡೋಸ್ 11ರಲ್ಲಿ ಅದು ಮತ್ತೆ ನಡುಭಾಗಕ್ಕೆ ಸರಿದಿದೆ. ಹೀಗಿರುವಾಗ ಹಳೆಯ ವಿಂಡೋಸಿನ ಬಳಕೆದಾರನಿಗೆ ಎಡ ಮೂಲೆಯಲ್ಲಿಯೇ ಪಟ್ಟಿಯನ್ನಿಟ್ಟುಕೊಂಡಿರುವ ಲಿನಕ್ಸ್ ಮಿಂಟ್, ಹೊಸ ವಿಂಡೋಸಿಗಿಂತ ಹೆಚ್ಚು ಪರಿಚಿತವಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಕನ್ನಡಿಗರಿಗೆ ಸೌಲಭ್ಯದ ನಿಜವಾದ ಪರೀಕ್ಷೆ ಗುಂಡಿಯ ಜಾಗವಲ್ಲ, ಅಕ್ಷರ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಡಿ.ಟಿ.ಪಿ. ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಲಗ್ನಪತ್ರಿಕೆ, ಮಧ್ಯಾಹ್ನ ಸಹಕಾರ ಸಂಘದ ವಾರ್ಷಿಕ ವರದಿ, ಸಂಜೆ ಯಾರದೋ ಮನೆಯ ಕ್ರಯಪತ್ರದ ಕರಡು. ಅಲ್ಲಿ ಕುಳಿತವರ ಬೆರಳುಗಳಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. 'ಕ'ಕಾರಕ್ಕೆ ಕೆ ಕೀಲಿ, ಶಿಫ್ಟ್ ಒತ್ತಿದರೆ 'ಖ'ಕಾರ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ಇಷ್ಟು ತಿಳಿದರೆ ಕನ್ನಡವೆಲ್ಲ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಅಡಗುತ್ತದೆ. ಈ ಹಾಸನ್ನೇ ಸರ್ಕಾರ ಪ್ರಮಾಣವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತು ಅದನ್ನಿಟ್ಟುಕೊಂಡು 'ನುಡಿ' ತಂತ್ರಾಂಶವನ್ನು ಸಿದ್ಧಪಡಿಸಿತು. ಅದಕ್ಕೆ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಿತ್ತು. ಎರಡೂ ವಿಂಡೋಸಿಗಾಗಿ ಬರೆದವು. ಕನ್ನಡದ ಅಂಗಡಿಯವರು ವಿಂಡೋಸನ್ನು ಬಿಡಲಾರದೆ ಹಿಡಿದುಕೊಂಡದ್ದಕ್ಕೆ ದೊಡ್ಡ ಕಾರಣ ಇದೇ.

ವಿಂಡೋಸ್ ತಾನಾಗಿಯೇ ಕನ್ನಡವನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಆಗ ಅದರೊಡನೆ ಬಂದ ಕನ್ನಡ ಅಕ್ಷರಶೈಲಿಗೆ 'ತುಂಗಾ' ಎಂದು ಹೆಸರು. ಮಲೆನಾಡಿನ ನದಿಯೊಂದು ಹೀಗೆ ಜಗತ್ತಿನ ಕೋಟ್ಯಂತರ ಯಂತ್ರಗಳೊಳಗೆ ಹರಿಯಿತು. ಆದರೆ ಆ ನೀರು ಹೊರಗೆ ಕಾಣಬೇಕಾದರೆ ಭಾರತೀಯ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಸೇರಿಸಬೇಕಾಗಿತ್ತು. ಅದಕ್ಕೆ ಮೂಲ ಸಿ.ಡಿ.ಯನ್ನು ಹುಡುಕಬೇಕಾಗಿತ್ತು. ಸಿ.ಡಿ. ಇಲ್ಲದವನ ಪರದೆಯ ಮೇಲೆ ಕನ್ನಡದ ಬದಲು ಸಾಲುಸಾಲು ಚೌಕಗಳು! ಮುಂದಿನ ವಿಂಡೋಸುಗಳಲ್ಲಿ ಆ ತೊಂದರೆ ತಪ್ಪಿತು. 2019ರಲ್ಲಿ ವಿಂಡೋಸ್ 10ಕ್ಕೆ ಉಚ್ಚಾರಣೆಯಂತೆ ಬರೆಯುವ ಕನ್ನಡ ಕೀಲಿಮಣೆಯೂ ಬಂದಿತು. ಅದು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸುವ ಬಗೆಯದು. ಪರಿಷತ್ತಿನ ಹಾಸಿಗೆ ಒಗ್ಗಿದ ಬೆರಳುಗಳಿಗೆ ಹೊಂದುವುದಿಲ್ಲ.

ಇಲ್ಲೊಂದು ವಿನೋದವಿದೆ. 'ಕಷ್ಟದ್ದು' ಎಂದು ಹೆಸರಾದ ಲಿನಕ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಹಾಸು 'ಕಗಪ' ಎಂಬ ಹೆಸರಿನಿಂದ ಮೊದಲೇ ಇದೆ. ಕೀಲಿಮಣೆಗಳ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡರೆ ಮುಗಿಯಿತು, ಬೇರೇನನ್ನೂ ತರಬೇಕಾಗಿಲ್ಲ. ಅಕ್ಷರಶೈಲಿಗಳೂ ಉಂಟು, ಅವುಗಳಲ್ಲಿ ಎರಡಕ್ಕೆ 'ಗುಬ್ಬಿ', 'ನವಿಲು' ಎಂದು ಮುದ್ದಾದ ಹೆಸರುಗಳು. ಕರ್ನಾಟಕ ಒಪ್ಪಿದ ಕೀಲಿಮಣೆಯನ್ನು ಕೋಟಿಗಟ್ಟಲೆ ಹಣದ ಸಂಸ್ಥೆ ತನ್ನ ವ್ಯವಸ್ಥೆಯೊಳಗೆ ಕೂರಿಸದೆ ಇದ್ದಾಗ, ಸಂಬಳವಿಲ್ಲದೆ ದುಡಿದ ಉತ್ಸಾಹಿಗಳು ಕೂರಿಸಿದರೆಂಬುದು ಗಮನಿಸಬೇಕಾದ ಮಾತು.

ಆದರೂ ಹೊಳೆನರಸೀಪುರದ ನಮ್ಮ ಅಂಗಡಿಯವರಿಗೆ ನೆಮ್ಮದಿಯಿಲ್ಲ. ಅವರ ಬಳಿ ಇಪ್ಪತ್ತು ವರ್ಷಗಳ ಹಳೆಯ ಕಡತಗಳಿವೆ. ಹಳೆಯ ನುಡಿಯ ಅಕ್ಷರಗಳು ನಿಜವಾಗಿ ಕನ್ನಡದ ಅಕ್ಷರಗಳಲ್ಲ. ರೋಮನ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದಂಥವು. ವೇಷದ ಪೆಟ್ಟಿಗೆಯಾದ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ 'ಶುಭವಿವಾಹ'ದ ಜಾಗದಲ್ಲಿ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ ನೆರೆಯುತ್ತದೆ. ಲಿನಕ್ಸಿಗೆ ಹೋದರೂ ಇದೇ ಗತಿ, ಹೊಸ ವಿಂಡೋಸಿಗೆ ಹೋಗಿ ನುಡಿಯನ್ನು ಸೇರಿಸಲು ಮರೆತರೂ ಇದೇ ಗತಿ. ಯೂನಿಕೋಡ್ ಎಂಬ ಲೋಕಮಾನ್ಯ ಸಂಕೇತಕ್ಕೆ ಒಮ್ಮೆ ಪರಿವರ್ತಿಸಿಬಿಟ್ಟರೆ ಯಾವ ಪಾರುಪತ್ಯಗಾರನ ಕೈಯಲ್ಲಾದರೂ ಅವು ಕನ್ನಡವಾಗಿಯೇ ಉಳಿಯುತ್ತವೆ. ಪರಿವರ್ತಿಸುವ ಸಾಧನಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಅಲ್ಲಲ್ಲಿ ಅರ್ಕಾವತ್ತು ಜಾರಬಹುದು, ಒತ್ತಕ್ಷರ ತಪ್ಪಬಹುದು; ಕರಡು ತಿದ್ದುವ ತಾಳ್ಮೆ ಬೇಕು.

ದೀಪ ಆರಿದಾಗ

ನೆಚ್ಚಿಕೆಯ ಮಾತಿಗೆ ಬಂದರೆ ದೊಡ್ಡ ನಗರಗಳ ಲೆಕ್ಕವೇ ಬೇರೆ, ತಾಲ್ಲೂಕು ಊರುಗಳ ಲೆಕ್ಕವೇ ಬೇರೆ. ಇಲ್ಲಿ ಗಣಕದ ಮೊದಲ ಶತ್ರು ಹೇಳದೆ ಕೇಳದೆ ಹೋಗುವ ವಿದ್ಯುತ್ತು. ವಿಂಡೋಸ್ 98ರ ಕಾಲದಲ್ಲಿ ಗಣಕ ಇಟ್ಟುಕೊಂಡಿದ್ದವರಿಗೆ ಆ ನೀಲಿ ಪರದೆ ನೆನಪಿರಬೇಕು. ಕರೆಂಟು ಹೋಗಿ ಬಂದ ಮೇಲೆ ಯಂತ್ರವು ತನ್ನ ತಟ್ಟೆಯನ್ನೆಲ್ಲ ಒಂದೊಂದಾಗಿ ತಡವಿ ನೋಡುತ್ತ ಕುಳಿತುಬಿಡುತ್ತಿತ್ತು. ಬರೆಯುತ್ತಿದ್ದ ಕಡತ ಉಳಿಯಿತೆಂದರೆ ಪುಣ್ಯ.

ಈ ಕಷ್ಟವನ್ನು ಕಳೆದದ್ದು ವ್ಯಾಪಾರಸ್ಥರಿಗೆಲ್ಲ ತಿಳಿದ ಒಂದು ಹಳೆಯ ಉಪಾಯ. ಮಂಡಿಯ ಗುಮಾಸ್ತೆ ನೇರವಾಗಿ ಖಾತೆ ಪುಸ್ತಕಕ್ಕೆ ಬರೆಯುವುದಿಲ್ಲ. ಮೊದಲು ದಿನವಹಿಯಲ್ಲಿ ಬರೆದುಕೊಂಡು ಅನಂತರ ಖಾತೆಗೆ ಏರಿಸುತ್ತಾನೆ. ನಡುವೆ ದೀಪ ಆರಿದರೂ ದಿನವಹಿಯನ್ನು ನೋಡಿ ಎಲ್ಲಿಗೆ ನಿಂತಿತ್ತೆಂದು ಕಂಡುಕೊಳ್ಳಬಹುದು. ಹೊಸ ವ್ಯವಸ್ಥೆಗಳು ತಟ್ಟೆಯ ಮೇಲೆ ಬರೆಯುವಾಗ ಇದನ್ನೇ ಮಾಡುತ್ತವೆ. ವಿಂಡೋಸಿನ ಕಚೇರಿ ರೂಪವಾದ ಎನ್‌ಟಿಯಲ್ಲಿ ಈ ಏರ್ಪಾಡು 1993ರಿಂದಲೂ ಇದ್ದಿತು. ಮನೆಗಳಿಗೆ ಬಂದದ್ದು 2001ರ ಎಕ್ಸ್‌ಪಿಯೊಡನೆ. ಲಿನಕ್ಸಿನ ಮುಖ್ಯ ಪ್ರವಾಹಕ್ಕೂ ಅದು ಸರಿಸುಮಾರು ಅದೇ ಕಾಲಕ್ಕೆ ಬಂದಿತು. ಆದ್ದರಿಂದ ಕರೆಂಟಿನ ವಿಷಯದಲ್ಲಿ ಈಗ ಇಬ್ಬರೂ ಸಮಾನರೆನ್ನಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು: ಹೊಸ ತಿದ್ದುಪಡಿಗಳನ್ನು ಹಾಕಿಕೊಳ್ಳುವ ಹೊತ್ತನ್ನು ವಿಂಡೋಸ್ ತಾನೇ ನಿಶ್ಚಯಿಸುವುದುಂಟು. ಅಂಗಡಿ ಮುಚ್ಚುವ ಸಮಯಕ್ಕೆ 'ಆರಿಸಬೇಡಿ' ಎಂಬ ಬರಹದೊಡನೆ ಸುತ್ತುವ ಚಕ್ರ, ಯು.ಪಿ.ಎಸ್.ನಲ್ಲಿ ಉಳಿದಿರುವುದು ಹತ್ತೇ ನಿಮಿಷ. ಆಗಿನ ಸಂಕಟವನ್ನು ವರ್ಣಿಸಬೇಕಾಗಿಲ್ಲ. ಲಿನಕ್ಸು ಇಂಥ ವಿಷಯದಲ್ಲಿ ಯಜಮಾನನ ಅಪ್ಪಣೆಗೆ ಕಾಯುವುದು ಹೆಚ್ಚು.

ಎರಡನೆಯ ಶತ್ರು ಪೆನ್ ಡ್ರೈವ್. ಶಾಲೆಯಿಂದ ಅಂಗಡಿಗೆ, ಅಂಗಡಿಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಂಚರಿಸುವ ಈ ಕಿರುಬೆರಳಿನ ಗಾತ್ರದ ವಸ್ತು, ಸಾಂಕ್ರಾಮಿಕವನ್ನು ಊರಿಂದೂರಿಗೆ ಹೊತ್ತು ತಿರುಗುವ ಜಾತ್ರೆಯ ಗಾಡಿಯಂತೆ ಗಣಕದ ವೈರಸ್ಸುಗಳನ್ನು ಹಂಚಿತು. ಸಿಕ್ಕಿಸಿದೊಡನೆಯೇ ಅದರೊಳಗಿನ ಕ್ರಮವಿಧಿಯನ್ನು ತಾನಾಗಿ ಓಡಿಸಿಬಿಡುವ ಸೌಜನ್ಯವನ್ನು ವಿಂಡೋಸ್ ಬಹಳ ಕಾಲ ಇಟ್ಟುಕೊಂಡಿತ್ತು. ಬಳಕೆದಾರನಿಗೆ ಅದು ಸುಲಭ, ವೈರಸ್ಸಿಗೂ ಸುಲಭ! 2008ರಲ್ಲಿ ಹುಟ್ಟಿ ಜಗತ್ತನ್ನು ಕಾಡಿದ 'ಕಾನ್‌ಫಿಕರ್' ಹರಡಿದ ದಾರಿಗಳಲ್ಲಿ ಇದೂ ಒಂದು. ಹಳೆಯ ವಿಂಡೋಸುಗಳಲ್ಲಿಯೂ ಆ ಬಾಗಿಲನ್ನು ಮುಚ್ಚುವ ತಿದ್ದುಪಡಿಯನ್ನು ವ್ಯಾಪಕವಾಗಿ ಹಂಚಿದ್ದು 2011ರಲ್ಲಿ. ವಿಂಡೋಸಿಗಾಗಿ ಬರೆದ ವೈರಸ್ಸು ಲಿನಕ್ಸಿನಲ್ಲಿ ಓಡುವುದಿಲ್ಲವೆಂಬುದು ಲಿನಕ್ಸಿನ ಅಭಿಮಾನಿಗಳು ಎದೆಯುಬ್ಬಿಸಿ ಹೇಳುವ ಮಾತು. ನಿಜವೇ, ಆದರೆ ಕಳ್ಳರು ಜನ ಹೆಚ್ಚಿರುವ ಸಂತೆಗೇ ಹೋಗುತ್ತಾರೆಂಬುದೂ ನಿಜ.

ಕಾಯುವವನೇ ಬಾಗಿಲಿಗೆ ಅಡ್ಡ ಬಿದ್ದ ಪ್ರಸಂಗವೂ ಒಂದುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷವುಳ್ಳ ತಿದ್ದುಪಡಿಯೊಂದರಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತುಹೋದವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಅಂದು ಲಿನಕ್ಸಿಗೂ ಮ್ಯಾಕಿಗೂ ಏನೂ ಆಗಲಿಲ್ಲ. ಕಾರಣ ಇಷ್ಟೇ: ಅರ್ಚಕರಲ್ಲದವರನ್ನು ಗರ್ಭಗುಡಿಯೊಳಗೆ ಬಿಡಲಾಗಿತ್ತು. ವ್ಯವಸ್ಥೆಯ ಅತ್ಯಂತ ಒಳಗಿನ ಅಂಕಣದಲ್ಲಿ ಹೊರಗಿನ ತಂತ್ರಾಂಶವೊಂದು ಮುಗ್ಗರಿಸಿದರೆ ಇಡೀ ದೇಗುಲವೇ ಮುಚ್ಚಿಕೊಳ್ಳುತ್ತದೆ. ಹೊರಾಂಗಣದಲ್ಲಿ ಬಿದ್ದರೆ ಬಿದ್ದವನೊಬ್ಬನಿಗೇ ಪೆಟ್ಟು.

ಎಂದೂ ನಿಲ್ಲಬಾರದ ಕೆಲಸವನ್ನು ಹೇಗೆ ನಡೆಸುತ್ತಾರೆಂಬುದಕ್ಕೆ ಹಾಸನದವರು ದೂರ ಹೋಗಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಬಟ್ಟಲುಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಇನ್‌ಸ್ಯಾಟ್ ಉಪಗ್ರಹಗಳಿಗಾಗಿ 1982ರಲ್ಲಿ ಆರಂಭವಾದುದು. 36,000 ಕಿಲೋಮೀಟರು ಮೇಲಿರುವ ಉಪಗ್ರಹವನ್ನು ಹಗಲಿರುಳೂ ನೋಡಿಕೊಳ್ಳುವ ಆ ಕೇಂದ್ರಕ್ಕೆ ಜೊತೆಯಾಗಿ 2005ರಲ್ಲಿ ಭೋಪಾಲದಲ್ಲಿ ಇನ್ನೊಂದನ್ನು ಕಟ್ಟಿದರು. ಹಾಸನದ ಗೃಹಸ್ಥರಿಗೆ ಭೋಪಾಲವನ್ನು ಕಟ್ಟುವ ಶಕ್ತಿಯಿಲ್ಲದಿರಬಹುದು. ಆದರೆ ಮಕ್ಕಳ ಅಂಕಪಟ್ಟಿ, ಮನೆಯ ಪತ್ರಗಳು, ಮದುವೆಯ ಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೊಂದು ತಟ್ಟೆಯಲ್ಲಿ ಇಡುವುದಕ್ಕೆ ಉಪಗ್ರಹದ ಖರ್ಚು ಬೇಕಾಗಿಲ್ಲ. ಆ ಪ್ರತಿಯಿಲ್ಲದ ಮನೆಯಲ್ಲಿ ಯಾವ ವ್ಯವಸ್ಥೆಯೂ ನೆಚ್ಚತಕ್ಕದ್ದಲ್ಲ.

ಬಿಡುವುದೆ? ಹಿಡಿಯುವುದೆ?

ಹಾಗಾದರೆ 2017ಕ್ಕೆ ಹಿಂದಿನ ಆ ಗಣಕವನ್ನು ಏನು ಮಾಡಬೇಕು? ಉತ್ತರ ಯಂತ್ರಕ್ಕಿಂತ ಹೆಚ್ಚಾಗಿ ಕೆಲಸವನ್ನು ಅವಲಂಬಿಸಿದೆ.

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಟ್ಯಾಲಿಯಲ್ಲಿ ಲೆಕ್ಕ ಇಡುತ್ತಾರೆನ್ನಿ. ಬೆಂಗಳೂರಿನಲ್ಲಿಯೇ ತಯಾರಾಗುವ ಆ ತಂತ್ರಾಂಶವನ್ನು ವಿಂಡೋಸಿಗೆಂದೇ ಬರೆದಿದ್ದಾರೆ. ಅವರು ಲಿನಕ್ಸಿಗೆ ಹೋಗಿ ಸಾಹಸಪಡುವುದಕ್ಕಿಂತ ವಿಂಡೋಸ್ 11ರ ಯಂತ್ರವೊಂದನ್ನು ಕೊಳ್ಳುವುದೇ ಲೇಸು. ತೆರಿಗೆಯ ಗಡುವಿನ ದಿನ ಪ್ರಯೋಗಕ್ಕೆ ತಕ್ಕದ್ದಲ್ಲ. ಮುದ್ರಣಯಂತ್ರದ ವಿಷಯವೂ ಹಾಗೆಯೇ. ಊರೂರಿನ ಅಂಗಡಿಗಳಲ್ಲಿ ಕಾಣುವ ಕ್ಯಾನನ್ 2900 ವಿಂಡೋಸಿನಲ್ಲಿ ಹೇಳಿದಂತೆ ಕೇಳುತ್ತದೆ. ಲಿನಕ್ಸಿನಲ್ಲಿ ಅದನ್ನು ಒಲಿಸುವುದಕ್ಕೆ ಒಂದು ಭಾನುವಾರವೇ ಬೇಕಾದೀತು. ಕೆಲವು ಹೊಸ ಮುದ್ರಣಯಂತ್ರಗಳಾದರೋ ಲಿನಕ್ಸಿನಲ್ಲಿ ಸಿಕ್ಕಿಸಿದೊಡನೆ ಕೆಲಸಕ್ಕೆ ನಿಲ್ಲುತ್ತವೆ.

ಅದೇ, ಪಾಠ ಓದಲು, ಪತ್ರ ಬರೆಯಲು, ಬ್ಯಾಂಕಿನ ಲೆಕ್ಕ ನೋಡಲು, ಅಮೆರಿಕದಲ್ಲಿರುವ ಮಗಳ ಮುಖ ನೋಡಿ ಮಾತನಾಡಲು ಇಟ್ಟುಕೊಂಡ ಮನೆಯ ಗಣಕವಾದರೆ ಲಿನಕ್ಸಿಗೆ ಹೆದರಬೇಕಾದ ಕಾರಣವಿಲ್ಲ. ಅದು ಮಕ್ಕಳಿಗೆ ಕಷ್ಟವೆನ್ನುವವರು ಗಡಿಯಾಚೆಯ ಕಾಸರಗೋಡನ್ನು ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಗಣಕದ ಪಾಠವನ್ನು ಲಿನಕ್ಸಿನ ಮೇಲೆಯೇ ಹೇಳಿಕೊಡುತ್ತಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಠ್ಯಪುಸ್ತಕವು ಕನ್ನಡದಲ್ಲಿಯೇ ಇದೆ. ಅಷ್ಟು ದೂರ ಹೋಗುವುದೂ ಬೇಡ. 'ಲಿನಕ್ಸ್ ನಮ್ಮಿಂದಾಗದು' ಎನ್ನುವ ಹಿರಿಯರ ಕೈಯಲ್ಲಿ ಆಂಡ್ರಾಯ್ಡ್ ಫೋನಿದ್ದರೆ, ಅದರ ಗರ್ಭಗುಡಿಯಲ್ಲಿ ಕುಳಿತಿರುವುದು ಲಿನಕ್ಸೇ. ಬೆಳಗಿನ ಸುಪ್ರಭಾತದಿಂದ ರಾತ್ರಿಯ ವಾರ್ತೆಯವರೆಗೆ ಅವರು ಅದನ್ನೇ ಬಳಸುತ್ತಿದ್ದಾರೆ, ಹೆಸರು ತಿಳಿಯದೆ.

ಬದಲಾಯಿಸುವುದಕ್ಕೆ ಮೊದಲು ಪರೀಕ್ಷಿಸಿ ನೋಡುವ ಅವಕಾಶವೂ ಉಂಟು. ಎಂಟು ಜಿ.ಬಿ.ಯ ಒಂದು ಪೆನ್ ಡ್ರೈವಿನಲ್ಲಿ ಮಿಂಟನ್ನೋ ಉಬುಂಟುವನ್ನೋ ಇಳಿಸಿಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಸ್ಥಾಪಿಸುವ ಗುಂಡಿಯನ್ನು ಒತ್ತದಿರುವವರೆಗೆ ಒಳಗಿನ ವಿಂಡೋಸಿಗೆ ಕೂದಲೂ ಕೊಂಕುವುದಿಲ್ಲ. ಹಾಗೆ ಎಬ್ಬಿಸಿ, ಮನೆಯ ವೈಫೈ ಹಿಡಿಯಿತೆ ನೋಡುವುದು. 'ಕಗಪ' ಕೀಲಿಮಣೆಯನ್ನು ಆರಿಸಿಕೊಂಡು ಮನೆಯವರ ಹೆಸರುಗಳನ್ನು ಬರೆದು ಒಂದು ಹಾಳೆ ಅಚ್ಚು ತೆಗೆಯುವುದು. ಹಳೆಯ ನುಡಿ ಕಡತವೊಂದನ್ನು ಪರಿವರ್ತಿಸಿ ತೆರೆದು, ಅರ್ಕಾವತ್ತುಗಳು ಸ್ವಸ್ಥಾನದಲ್ಲಿವೆಯೆ ಎಂದು ಕನ್ನಡಕ ಹಾಕಿಕೊಂಡು ಓದುವುದು. ಎಲ್ಲವೂ ಸರಿಕಂಡರೆ ಮುಂದಿನ ಮಾತು. ಸರಿಕಾಣದಿದ್ದರೆ ಪೆನ್ ಡ್ರೈವನ್ನು ಕಿತ್ತು ಯಂತ್ರವನ್ನು ಮತ್ತೆ ಎಬ್ಬಿಸಿದರಾಯಿತು. ಹಳೆಯ ಪಾರುಪತ್ಯಗಾರ ತನ್ನ ಗದ್ದುಗೆಯಲ್ಲಿ ಹಾಗೆಯೇ ಕುಳಿತಿರುತ್ತಾನೆ.